ಕ್ರೋಯ್ಡನ್ನಿನ ಕುರಿಮರಿ ಜಗಳಗಳು

ಕುರಿಮರಿಯ ವಿಷಯಕ್ಕೆ ನಾನು ಯಾರ ಜೊತೆಗೂ ಜಗಳವಾಡದೆ ಒಂದು ತಿಂಗಳು ಕಳೆದರೆ ನನ್ನ ಗಂಡ ಬಂದು ಹಣೆ ಮುಟ್ಟಿ ನೋಡುತ್ತಾನೆ, ಜ್ವರವೇನಾದರೂ ಬಂದಿದೆಯೋ ಎಂದು. ಜಗಳವನ್ನು ನಾನು ಹುಡುಕಿಕೊಂಡು ಹೋಗುವುದಿಲ್ಲ, ಅದೇ ನನ್ನ ಮನೆ ಹುಡುಕಿಕೊಂಡು ಬರುತ್ತದೆ. ಗದಗಿನ ಹತ್ತಿರದ ಒಂದು ಎರೆಮಣ್ಣಿನ ಊರಿನಲ್ಲಿ, ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವಳು ನಾನು. ಫಿಸಿಯೋಥೆರಪಿ ಓದಿ, ಮೈಸೂರಿನ ಐಟಿ ಹುಡುಗನನ್ನು ಮದುವೆಯಾಗಿ ಕ್ರೋಯ್ಡನ್ನಿಗೆ ಬಂದಾಗ ಇನ್ನು ನನಗೂ ಕುರಿಗೂ ಋಣ ತೀರಿತು ಅಂದುಕೊಂಡಿದ್ದೆ. ಬಂದು ನೋಡಿದರೆ ಈ ಊರಿನಲ್ಲಿ ಕುರಿಮರಿ ಇಲ್ಲದ ಜಾಗವೇ ಇಲ್ಲ. ಹೋಟೆಲಿನ ಮೆನುವಿನಲ್ಲಿ ಅದು, ಸ್ವೆಟರಿನ ಚೀಟಿಯಲ್ಲಿ ಅದು, ಪಬ್ಬಿನ ಬೋರ್ಡಿನ ಮೇಲೆ ಅದು. ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಮನುಷ್ಯರಿದ್ದರೆ ಅವರೂ ಲ್ಯಾಂಬೇ. ಇಷ್ಟು ಜನ ಆ ಹೆಸರನ್ನು ಬಾಯಲ್ಲಿ ಇಟ್ಟುಕೊಂಡು ಓಡಾಡುತ್ತಾರಲ್ಲ, ಇವರಲ್ಲಿ ಆಗ ತಾನೇ ಈದ ಹಸಿ ಮರಿಯನ್ನು ಕಂಕುಳಲ್ಲಿ ಎತ್ತಿಕೊಂಡು ಎರಡು ಹರದಾರಿ ನಡೆದವರು ಎಷ್ಟು ಮಂದಿ? ನನ್ನ ಜಗಳ ಅಲ್ಲಿಂದ ಶುರುವಾಗುತ್ತದೆ.

ಯಾವ ಇಲಾಖೆ?

ಮೊದಲನೆಯದು ಸಟನ್ನಿನಲ್ಲಿ, ಒಬ್ಬ ಡಾಕ್ಟರ ಮನೆಯ ನಾಮಕರಣದಲ್ಲಿ ನಡೆದದ್ದು. ಆಗ ನನ್ನ ಮಗಳಿಗೆ ಆರು ವರ್ಷ.

ನಿಜ ಹೇಳಿಬಿಡುತ್ತೇನೆ, ಅಲ್ಲಿಯವರೆಗೆ ನಾನೂ ಅಷ್ಟೇನೂ ಧೈರ್ಯವಂತೆಯಾಗಿರಲಿಲ್ಲ. ಯಾರಾದರೂ ಅಪ್ಪನ ಬಗ್ಗೆ ಕೇಳಿದರೆ "ಅಗ್ರಿಕಲ್ಚರ್" ಎಂದು ಹೇಳಿ ಮಾತು ತಿರುಗಿಸುತ್ತಿದ್ದೆ. ಆದರೆ ಆ ದಿನ ಮೇಜಿನ ಮೇಲೆ ಕುರಿಮರಿಯ ಆಕಾರದ ಒಂದು ದೊಡ್ಡ ಕೇಕ್ ಇತ್ತು. ಕೂಸಿನ ಟೋಪಿಗೆ ಎರಡು ಕುರಿ ಕಿವಿ. ಬಂದವರೆಲ್ಲ "ಅಯ್ಯೋ, ಎಷ್ಟು ಮುದ್ದು, ಲಿಟ್ಲ್ ಲ್ಯಾಂಬ್!" ಎಂದು ಫೋಟೋ ತೆಗೆಯುತ್ತಿದ್ದರು. ಸಕ್ಕರೆಯ ಮರಿಗೆ ಇಷ್ಟೊಂದು ಮರ್ಯಾದೆ ಇದೆಯಲ್ಲ ಎಂದು ನನಗೂ ಸ್ವಲ್ಪ ಹುಮ್ಮಸ್ಸು ಬಂತು.

ಡಾಕ್ಟರ ಅಪ್ಪ ಊರಿನಿಂದ ಬಂದಿದ್ದರು, ರಿಟೈರ್ ಆದ ದೊಡ್ಡ ಅಧಿಕಾರಿ. ಸೋಫಾದ ನಡುವೆ ಕುಳಿತು ಒಬ್ಬೊಬ್ಬರನ್ನೇ ಕರೆದು "ನಿಮ್ಮ ತಂದೆಯವರು ಏನಾಗಿದ್ರು?" ಎಂದು ಕೇಳುತ್ತಿದ್ದರು. ಒಬ್ಬರ ತಂದೆ ಚೀಫ್ ಎಂಜಿನಿಯರು, ಒಬ್ಬರದು ಪ್ರೊಫೆಸರು. ನನ್ನ ಸರದಿ ಬಂತು.

"ನಮ್ಮಪ್ಪ ಕುರಿ ಕಾಯ್ತಾರೆ ಸರ್."

"ಓ, ಪಶುಸಂಗೋಪನಾ ಇಲಾಖೆ!"

"ಇಲಾಖೆ ಏನಿಲ್ಲ ಸರ್. ಕುರಿ ಅಷ್ಟೇ."

ಅವರಿಗೆ ಅದು ಕಿವಿಗೇ ಹೋಗಲಿಲ್ಲ. "ಕೈಕೆಳಗೆ ಎಷ್ಟು ಜನ ಸ್ಟಾಫು?"

"ನೂರಾ ಇಪ್ಪತ್ತು. ಮರಿ ಬೇರೆ."

ಸೋಫಾ ಪೂರ್ತಿ ನಕ್ಕಿತು. "ಒಳ್ಳೆ ತಮಾಷೆ ಹೆಣ್ಣುಮಗಳಪ್ಪ! ಈಗ ನಿಜ ಹೇಳಮ್ಮ" ಎಂದರು ಯಜಮಾನರು, ಕಣ್ಣೊರೆಸಿಕೊಳ್ಳುತ್ತಾ. ನಾನು ನಿಜವನ್ನೇ ಹೇಳಿದ್ದು ಎಂದೆ. ನಗು ಒಬ್ಬೊಬ್ಬರದೇ ನಿಂತಿತು. ಮನೆಯೊಡತಿ ಅವಸರವಾಗಿ "ಹೋಳಿಗೆ ಹಾಕಿಸ್ಕೊಳ್ಳಿ, ಬಿಸಿ ಆರಿಹೋಗತ್ತೆ" ಎಂದು ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋದರು. ಹೋಳಿಗೆ ಆಗಲೇ ಆರಿತ್ತು.

ಅದರಿಂದ ನನಗೆ ಏನೂ ಅನ್ನಿಸಲಿಲ್ಲ. ಅನ್ನಿಸಿದ್ದು ವಾಪಸು ಬರುವಾಗ, ರೈಲಿನಲ್ಲಿ. ನನ್ನ ಮಗಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಅಮ್ಮ, ಅಜ್ಜನ ಬಗ್ಗೆ ಹೇಳಿದ್ದು ಜೋಕಾ?" ಎಂದು ಕೇಳಿದಳು.

"ಅಲ್ಲ ಪುಟ್ಟಿ. ಫೋನಿನಲ್ಲಿ ನೋಡಿದ್ದೀಯಲ್ಲ, ಹಿಂದೆ ಕುರಿ ಇರುತ್ತವಲ್ಲ."

"ಅದು ಅಜ್ಜನ ಹಾಬಿ ಅಂದುಕೊಂಡಿದ್ದೆ" ಎಂದಳು. ಎರಡು ಸ್ಟೇಷನ್ ಯೋಚನೆ ಮಾಡಿದಳು. ಆಮೇಲೆ, "ನಮ್ಮ ಸ್ಕೂಲಿನಲ್ಲಿ ಯಾರಿಗೂ ಹೇಳಬೇಡ, ಪ್ಲೀಸ್" ಎಂದಳು.

ಆ ಯಜಮಾನರ ನಗುವಿಗಿಂತ ಈ ಪ್ಲೀಸ್ ನೂರು ಪಟ್ಟು ನೋಯಿಸಿತು. ಮನೆಗೆ ಬಂದವಳೇ ಗಂಡನ ಮುಂದೆ ಶಪಥ ಮಾಡಿದೆ: "ಈ ಹುಡುಗಿ ತನ್ನ ಅಜ್ಜ ಏನು ಮಾಡ್ತಾನೆ ಅಂತ ನಾಲ್ಕು ಜನರ ಮುಂದೆ ತಲೆ ಎತ್ತಿ ಹೇಳೋ ತನಕ ನಾನು ಬಾಯಿ ಮುಚ್ಚಲ್ಲ."

ಅವನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಹಿಂದೆ ಯಾವತ್ತಾದ್ರೂ ಮುಚ್ಚಿದ್ದು ನೆನಪಿದ್ಯಾ?" ಎಂದ.

ಭಾನುವಾರದ ಮರಿ

ನಮ್ಮ ಆಸ್ಪತ್ರೆಯಲ್ಲಿ ಒಬ್ಬ ಮ್ಯಾನೇಜರ್ ಇದ್ದರು. ಭಾನುವಾರದ ಡ್ಯೂಟಿಗೆ ಜನ ಸಾಲದೆ ಹೋದಾಗಲೆಲ್ಲ ನನ್ನ ಹತ್ತಿರ ಬಂದು, ತಲೆಯನ್ನು ಒಂದು ಕಡೆ ವಾಲಿಸಿ, "ಬಿ ಎ ಲ್ಯಾಂಬ್" ಎನ್ನುತ್ತಿದ್ದರು. ಕುರಿಮರಿಯಂತೆ ಒಳ್ಳೆಯವಳಾಗಿ ಹೇಳಿದ ಕೆಲಸ ಮಾಡಮ್ಮ ಎಂದು ಅದರ ತಾತ್ಪರ್ಯ. ನಾಲ್ಕು ಭಾನುವಾರ ಒಳ್ಳೆಯವಳಾದೆ. ಐದನೆಯ ಸಲ ಅವರು ಬಂದಾಗ ನಾನು ಸೊಂಟದ ಆಪರೇಷನ್ ಆದ ಒಬ್ಬ ಮುದುಕರನ್ನು ಕಾರಿಡಾರಿನಲ್ಲಿ ನಡೆಸುತ್ತಿದ್ದೆ. ವೇಲ್ಸ್ ಕಡೆಯವರು, ನಾಲ್ಕು ದಿನವಾದರೂ ನನ್ನ ಜೊತೆ ನಾಲ್ಕು ಮಾತು ಆಡಿರಲಿಲ್ಲ.

"ಈ ಭಾನುವಾರ ಒಂದು ಬಂದುಬಿಡು. ಬಿ ಎ ಲ್ಯಾಂಬ್" ಎಂದರು ಮ್ಯಾನೇಜರ್, ತಲೆ ವಾಲಿಸಿ.

"ಮೇಡಂ, ನೀವು ಯಾವಾಗಲಾದರೂ ಕುರಿಮರಿ ಹಿಡಿದಿದ್ದೀರಾ?" ಎಂದು ಕೇಳಿದೆ.

ಅವರು ಇಲ್ಲ ಎಂದರು.

"ನಾನು ಸಾವಿರ ಹಿಡಿದಿದ್ದೇನೆ. ಹೇಳಿದ ಮಾತು ಕೇಳುವ ಒಂದು ಮರಿಯನ್ನೂ ಕಂಡಿಲ್ಲ. ಬಾ ಅಂದರೆ ಓಡುತ್ತದೆ, ಹೋಗು ಅಂದರೆ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಹಿಡಿಯಲು ಬಗ್ಗಿದಿರೋ ಹಿಂದಿನಿಂದ ಬಂದು ಗುದ್ದುತ್ತದೆ. ನಿಮಗೆ ಅಂಥವಳೇ ಬೇಕು ಅಂದರೆ ಭಾನುವಾರ ಖಂಡಿತ ಬರುತ್ತೇನೆ."

ಮ್ಯಾನೇಜರ ತಲೆ ನೆಟ್ಟಗಾಯಿತು. "ನೀನು ಸ್ವಲ್ಪ ಉತ್ಪ್ರೇಕ್ಷೆ ಮಾಡುತ್ತಿದ್ದೀಯ" ಎಂದರು.

ಅದುವರೆಗೆ ವಾಕರ್ ಹಿಡಿದುಕೊಂಡು ಗೋಡೆ ನೋಡುತ್ತಿದ್ದ ಮುದುಕರು ಮೆಲ್ಲಗೆ ತಿರುಗಿದರು. "ಏನೂ ಇಲ್ಲ. ಹುಡುಗಿ ಸರಿಯಾಗಿಯೇ ಹೇಳುತ್ತಿದ್ದಾಳೆ" ಎಂದರು. ಆಮೇಲೆ ಕೆಮ್ಮಿ, ಸ್ವರ ತಗ್ಗಿಸಿ, "ನನ್ನ ಕಾಗದದಲ್ಲಿ ಮೆಟ್ಟಿಲಿನಿಂದ ಜಾರಿ ಬಿದ್ದರು ಅಂತ ಬರೆದಿದೆಯಲ್ಲ, ಅದು ನಾನು ಮರ್ಯಾದೆಗೆ ಹೇಳಿದ್ದು. ತಮ್ಮನ ಫಾರ್ಮಿನಲ್ಲಿ ಹಿಂದಿನಿಂದ ಬಂದದ್ದು ಮೂರು ವಾರದ ಮರಿ" ಎಂದರು.

ಹಲ್ಲು ತೋರಿಸಿ

ನನ್ನ ಗಂಡ ಮಡಿ ಮನೆತನದವನು, ಮಾಂಸ ತಿನ್ನುವುದಿಲ್ಲ. ನಾನು ತಿಂದರೆ ಕಣ್ಣು ಬಿಡುವುದೂ ಇಲ್ಲ. ಹಾಗಾಗಿ ತಿಂಗಳಿಗೊಂದು ಸಲ ಸ್ಟೇಷನ್ ಹತ್ತಿರದ ಮಾಂಸದಂಗಡಿಗೆ ನಾನೊಬ್ಬಳೇ ಹೋಗುತ್ತೇನೆ. ಅಂಗಡಿಯವರು ಲಾಹೋರಿನ ಕಡೆಯವರು, ದೊಡ್ಡ ಮೀಸೆ. ನಮ್ಮ ವ್ಯವಹಾರ ನನ್ನ ಮುರುಕು ಹಿಂದಿಯಲ್ಲಿ.

ಒಂದು ಶನಿವಾರ ಗಾಜಿನ ಹಿಂದೆ ತೂಗುಹಾಕಿದ್ದನ್ನು ನೋಡಿದೆ. ಮೇಲೆ ಚೀಟಿ: ಎಳೆಯ ಲ್ಯಾಂಬ್. ಎಲುಬಿನ ದಪ್ಪ ನೋಡಿದರೆ ನನಗೆ ಅನುಮಾನ.

"ಭಾಯ್‌ಸಾಬ್, ಇದು ಮರಿ ಅಲ್ಲ."

"ಬೆಹನ್‌ಜಿ, ಪಕ್ಕಾ ಮರಿ. ಹಾಲು ಕುಡಿಯೋ ಮರಿ."

"ಹಾಗಾದ್ರೆ ತಲೆ ತೋರಿಸಿ."

ನಮ್ಮ ಕಡೆ ಕುರಿಯ ವಯಸ್ಸನ್ನು ಬಾಯಿ ಮಾತಿನಲ್ಲಿ ಯಾರೂ ನಂಬುವುದಿಲ್ಲ, ಅದರ ಬಾಯನ್ನೇ ತೆರೆದು ನೋಡುತ್ತಾರೆ. ಮುಂದಿನ ಹಲ್ಲೆಲ್ಲ ಅಕ್ಕಿಕಾಳಿನಷ್ಟು ಸಣ್ಣಗಿದ್ದರೆ ಅದು ಮರಿ. ನಡುವೆ ಎರಡು ದೊಡ್ಡ ಹಲ್ಲು ಬಂದಿದ್ದರೆ ಅದರ ಬಾಲ್ಯ ಮುಗಿಯಿತು. ಅಂಗಡಿಯವರು ಬೇರೆ ದಾರಿಯಿಲ್ಲದೆ ಒಳಗಿನಿಂದ ತಲೆ ತಂದು ಕೌಂಟರಿನ ಮೇಲಿಟ್ಟರು. ನಾನು ಬ್ಯಾಗಿನಿಂದ ಆಸ್ಪತ್ರೆಯ ಕೈಗವಸು ತೆಗೆದು ಹಾಕಿಕೊಂಡು ತುಟಿ ಎತ್ತಿದೆ. ಎರಡಲ್ಲ, ನಾಲ್ಕು ಹಲ್ಲು.

"ಭಾಯ್‌ಸಾಬ್, ಈ ಮರಿಗೆ ಮದುವೆಯಾಗಿ ಮಕ್ಕಳಾಗಿವೆ" ಎಂದೆ.

ಹಿಂದೆ ಸಾಲಿನಲ್ಲಿ ಏಳೆಂಟು ಜನ. ಮನೆಗೆ ಹೋಗಿ ಮೂರು ತಾಸು ಕುದಿಸಿ ಬೇಯದೆ ಕೈಚೆಲ್ಲಿದ ಅನುಭವ ಎಲ್ಲರಿಗೂ ಇತ್ತು ಎಂದು ಕಾಣುತ್ತದೆ. ಒಬ್ಬರು ತಮ್ಮ ಚೀಲ ತೆರೆದು "ನಮ್ಮದನ್ನೂ ನೋಡಿ ಬೆಹನ್" ಎಂದರು. ತಲೆಯಿಲ್ಲದೆ ಹಲ್ಲು ನೋಡುವುದು ಹೇಗೆ ಎಂದು ನಾನು, ಹೇಗಾದರೂ ನೋಡಿ ಎಂದು ಅವರು. ಅಂಗಡಿಯವರು ಮೀಸೆ ಒರೆಸಿಕೊಂಡು ನನಗೆ ಮಾತ್ರ ಕೇಳುವಂತೆ, "ನಿಮ್ಮದು ಯಾವ ಊರು ತಾಯಿ? ಅಲ್ಲಿನ ಅಂಗಡಿಯವರು ಬದುಕಿದ್ದಾರಾ?" ಎಂದು ಕೇಳಿದರು.

ಈಗಲೂ ಅದೇ ಅಂಗಡಿಗೆ ಹೋಗುತ್ತೇನೆ. ನಾನು ರಸ್ತೆ ದಾಟುವುದು ಕಂಡ ಕೂಡಲೇ ಅವರು ಲ್ಯಾಂಬ್ ಎಂಬ ಚೀಟಿ ತೆಗೆದು ಮಟನ್ ಎಂಬ ಚೀಟಿ ಸಿಕ್ಕಿಸುತ್ತಾರೆ. ನಾನು ಬಾಗಿಲು ದಾಟಿ ಹೊರಬಿದ್ದ ಮೇಲೆ ಅದು ಮತ್ತೆ ಎಳೆಯದಾಗುತ್ತದೆ.

ಧಾಬಳಿ ಗಿಡ

ನಮ್ಮ ಅತ್ತೆ ಮೈಸೂರಿನಿಂದ ಒಂದು ಅಕ್ಟೋಬರಿನಲ್ಲಿ ಬಂದರು. ಬಂದ ಮರುದಿನದಿಂದಲೇ ಚಳಿ. ಗಂಡ ಹೋಗಿ ಒಂದು ಬೆಣ್ಣೆಯಂಥ ಮೆತ್ತನೆಯ ಕಾರ್ಡಿಗನ್ ತಂದ. ಅತ್ತೆಗೆ ಈ ದೇಶದಲ್ಲಿ ಒಂದು ಅಭ್ಯಾಸವಾಗಿತ್ತು. ಬಿಸ್ಕತ್ತಿನಲ್ಲಿ ಮೊಟ್ಟೆ ಇರುತ್ತದೆಂದು ಒಮ್ಮೆ ಗೊತ್ತಾದ ಮೇಲೆ ಯಾವ ವಸ್ತು ಕೈಗೆ ಬಂದರೂ ಕನ್ನಡಕ ಹಾಕಿಕೊಂಡು ಚೀಟಿ ಓದುತ್ತಿದ್ದರು. ಕಾರ್ಡಿಗನ್ನಿನ ಕತ್ತಿನ ಹಿಂದಿನ ಚೀಟಿಯನ್ನೂ ಓದಿದರು.

"ಲ್ಯಾಂಬ್ಸ್ ವೂಲ್! ಲ್ಯಾಂಬ್ ಅಂದ್ರೆ ಹೋಟ್ಲಲ್ಲಿ ಬರೆದಿರ್ತಾರಲ್ಲ ಅದೇ ತಾನೆ? ಶಿವ ಶಿವ. ಒಂದು ಎಳೇ ಜೀವ ಕೊಂದು ಮಾಡಿರೋದನ್ನ ನಾನು ಮೈಮೇಲೆ ಹಾಕ್ಕೊಳ್ಲಾ?"

"ಕೊಂದಿಲ್ಲ ಅತ್ತೆ. ಕ್ಷೌರ ಮಾಡಿದ್ದಾರೆ ಅಷ್ಟೆ. ನಮ್ಮಪ್ಪ ವರ್ಷಕ್ಕೆ ಎರಡು ಸಲ ಮಾಡಿಸ್ತಾರೆ. ಮರಿ ಎದ್ದು ಕುಣ್ಕೊಂಡು ಹೋಗತ್ತೆ."

ಅತ್ತೆ ಒಪ್ಪಲಿಲ್ಲ. ಶಾಲಿನ ಮೇಲೆ ಶಾಲು ಹೊದ್ದು, ಹೀಟರಿಗೆ ಬೆನ್ನು ಕೊಟ್ಟು ಕುಳಿತು ನಡುಗಿದರು. ಗಂಡ ನನಗೆ ಸುಮ್ಮನಿರು ಎಂದು ಕಣ್ಸನ್ನೆ ಮಾಡಿದ. ಅಪ್ಪನ ಕೈಕೆಲಸವನ್ನು ಕೊಲೆ ಎಂದು ಕರೆದಿದ್ದಾರೆ, ನಾನು ಸುಮ್ಮನಿರುವುದೇ?

"ಅತ್ತೆ, ಪೂಜೆಗೆ ಮಡೀಲಿ ಉಡೋಕೆ ಅಂತ ಊರಿಂದ ಧಾಬಳಿ ತಂದಿದ್ದೀರಲ್ಲ, ಅದು ಯಾವುದರಲ್ಲಿ ಮಾಡಿದ್ದು?"

"ಧಾಬಳೀನಾ? ಧಾಬಳಿ ಧಾಬಳೀದೇ ಕಣಮ್ಮ."

"ಧಾಬಳಿ ಏನು ಗಿಡದಲ್ಲಿ ಬಿಡತ್ತಾ ಅತ್ತೆ?"

ಅತ್ತೆ ಎದ್ದು ಹೋಗಿ ಧಾಬಳಿ ತಂದರು. ನಲವತ್ತೈದು ವರ್ಷ ದೇವರ ಮುಂದೆ ಉಟ್ಟ ಆ ಉಣ್ಣೆ ಬಟ್ಟೆಯನ್ನು ಮೊದಲ ಸಲ ಎತ್ತಿ ಮೂಸಿ ನೋಡಿದರು. ಆಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮೈಸೂರಿಗೆ ಫೋನ್ ಮಾಡಿದರು. ತಂಗಿಯನ್ನು ಕೇಳಿ, ಪುರೋಹಿತರನ್ನು ಕೇಳಿ, ಅರ್ಧ ಗಂಟೆಯ ನಂತರ ಹೊರಗೆ ಬಂದಾಗ ಮುಖದಲ್ಲಿ ಹೊಸ ಕಳೆ. "ಉಣ್ಣೆಗೆ ಮೈಲಿಗೆ ಅನ್ನೋದೇ ಇಲ್ವಂತೆ. ಕೊಡು ಆ ಕಾರ್ಡಿಗನ್ನು. ಇನ್ಮೇಲೆ ಅದೇ ನನ್ನ ಮಡಿ ಬಟ್ಟೆ."

ಗೆದ್ದೆ ಎಂದು ಬೀಗಿದ್ದು ಎರಡೇ ದಿನ. ಮಡಿ ಬಟ್ಟೆ ಎಂದ ಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ. ಚಳಿಯಾದ್ದರಿಂದ ಅತ್ತೆ ಅದನ್ನು ಬಿಚ್ಚುವಂತೆಯೂ ಇಲ್ಲ. ಟ್ರಾಮಿನಲ್ಲಿ ದೇವಸ್ಥಾನಕ್ಕೆ ಹೊರಟೆವು. ಕಾಲಿಡಲು ಜಾಗವಿಲ್ಲದ ಟ್ರಾಮು. ಅತ್ತೆ ಎರಡೂ ಕೈ ಎದೆಗವಚಿಕೊಂಡು, "ಮಡಿ, ಮಡಿ! ಮುಟ್ಬೇಡಿ!" ಎನ್ನುತ್ತಾ ಒಳಗೆ ನುಗ್ಗಿದರು. ಆರಡಿ ಎತ್ತರದ ಒಬ್ಬ ಮನುಷ್ಯ ಹೌಹಾರಿ ಬಾಗಿಲಿಗೆ ಅಂಟಿಕೊಂಡ. ಎರಡು ಹುಡುಗಿಯರು ಎದ್ದು ಹಿಂದಕ್ಕೆ ಸರಿದರು. ಕೆಮ್ಮುತ್ತಿದ್ದವನು ಕೆಮ್ಮು ನಿಲ್ಲಿಸಿದ. ಅತ್ತೆ ಮೂವರು ಕೂರುವ ಜಾಗದಲ್ಲಿ ಒಬ್ಬರೇ ಕುಳಿತು ನನ್ನ ಕಡೆ ತಿರುಗಿದರು.

"ನೋಡಿದ್ಯಾ, ಎಷ್ಟು ಆಚಾರವಂತ ಜನ! ನಮ್ಮ ಬಸ್ಸಲ್ಲಿ ಯಾರು ಕೇಳ್ತಾರೆ ಮಡೀನ?"

ಉಪ್ಪಿನ ಮರಿ

ಏಪ್ರಿಲ್ ಬಂದರೆ ಊರಾಚೆಯ ಫಾರ್ಮುಗಳಲ್ಲಿ ಮರಿ ಹಾಕುವ ಕಾಲ. ಟಿಕೆಟ್ ಕೊಂಡು ಹೋಗಿ ಮರಿ ನೋಡಿ ಬರುತ್ತಾರೆ. ಇದನ್ನು ನಮ್ಮಪ್ಪನಿಗೆ ಹೇಳಿದಾಗ ಅವನು "ನೋಡಾಕ?" ಎಂದು ಮಾತ್ರ ಕೇಳಿದ. ನಾವು ಮೂವರೂ ಹೋದೆವು.

ಒಂದು ದೊಡ್ಡಿಯಲ್ಲಿ ಒಂದು ತಾಯಿಕುರಿ ತನ್ನ ಮರಿಯನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಮರಿ ಮೊಲೆಗೆ ಬಾಯಿ ಹಾಕಲು ಹೋದಾಗಲೆಲ್ಲ ತಲೆಯಿಂದ ತಳ್ಳುತ್ತಿತ್ತು. ಹಸಿರು ಗಂಬೂಟು ಹಾಕಿದ ಫಾರ್ಮಿನ ಹೆಂಗಸು ಬಾಟಲಿ ಹಾಲು ತರಲು ಒಳಗೆ ಹೋದರು. ಮಕ್ಕಳೆಲ್ಲ ಅಯ್ಯೋ ಪಾಪ ಎನ್ನುತ್ತಿದ್ದರು. ನನಗೆ ಕೈ ಕಟ್ಟಿ ನಿಲ್ಲಲು ಆಗಲಿಲ್ಲ.

"ಬೇಡ ಕಣೇ. ಬೋರ್ಡ್ ನೋಡು, ಬೇಲಿ ದಾಟಬಾರದು ಅಂತಿದೆ" ಎಂದ ಗಂಡ.

ಬೇಲಿ ನಾನು ದಾಟಲಿಲ್ಲ, ಬಗ್ಗಿದೆ ಅಷ್ಟೆ. ತಾಯಿ ಮರಿಯನ್ನು ಸೇರಿಸದಿದ್ದರೆ ನಮ್ಮಪ್ಪ ಮರಿಯ ಬೆನ್ನಿಗೆ ಉಪ್ಪು ಸವರುತ್ತಾನೆ. ತಾಯಿ ಉಪ್ಪಿನ ಆಸೆಗೆ ನೆಕ್ಕುತ್ತದೆ, ನೆಕ್ಕಿ ನೆಕ್ಕಿ ಮರಿ ತನ್ನದಾಗುತ್ತದೆ. ಉಪ್ಪು ಎಲ್ಲಿಂದ ತರಲಿ? ಮಗಳ ಕೈಯಲ್ಲಿ ಚಿಪ್ಸ್ ಪೊಟ್ಟಣ ಇತ್ತು. ಕಿತ್ತುಕೊಂಡು, ಹಿಸುಕಿ ಪುಡಿಮಾಡಿ, ಮರಿಯ ತಲೆಯಿಂದ ಬಾಲದವರೆಗೆ ಉದುರಿಸಿ ತಿಕ್ಕಿದೆ. ಮಗಳು "ಅಮ್ಮಾ!" ಎಂದು ಕಿರುಚಿ, ಜಾಕೆಟ್ಟಿನ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ಬೇರೆ ಯಾರದೋ ಕುಟುಂಬದ ಜೊತೆ ಹೋಗಿ ನಿಂತಳು.

ತಾಯಿಕುರಿ ಮೂಸಿತು. ಒಂದು ಸಲ ನೆಕ್ಕಿತು. ಆಮೇಲೆ ನಿಲ್ಲಿಸಲೇ ಇಲ್ಲ. ಹೆಂಗಸು ಬಾಟಲಿ ಹಿಡಿದು ಬರುವಷ್ಟರಲ್ಲಿ ಮರಿ ಬಾಲ ಅಲ್ಲಾಡಿಸುತ್ತಾ ಹಾಲು ಕುಡಿಯುತ್ತಿತ್ತು.

"ಇದನ್ನು ನಿಮಗೆ ಯಾರು ಕಲಿಸಿದರು?" ಎಂದರು ಅವರು, ಬೆರಗಾಗಿ.

"ನಮ್ಮಪ್ಪ" ಎಂದೆ, ಸುತ್ತಲಿನ ಇಪ್ಪತ್ತು ಮಂದಿಗೂ ಕೇಳುವ ಹಾಗೆ. ಬೇರೆ ಕುಟುಂಬದ ಮಧ್ಯೆ ಒಂದು ಟೋಪಿ ಸ್ವಲ್ಪ ಮೇಲೆದ್ದು ಒಂದು ಕಣ್ಣು ನನ್ನನ್ನೇ ನೋಡಿತು.

ಮರುವರ್ಷ ಹೋದಾಗ ಗೇಟಿನಲ್ಲಿ ಹೊಸ ಬೋರ್ಡು ಹಾಕಿದ್ದರು: ದಯವಿಟ್ಟು ಮರಿಗಳ ಮೇಲೆ ಚಿಪ್ಸ್ ಉದುರಿಸಬೇಡಿ.

ನಾಟಕದ ಮರಿ

ಈಗ ಕಡೆಯದು, ಹೋದ ಡಿಸೆಂಬರಿನದು. ಮಗಳ ಸ್ಕೂಲಿನಲ್ಲಿ ಕ್ರಿಸ್‌ಮಸ್ ನಾಟಕ. ಕೊಟ್ಟಿಗೆಯಲ್ಲಿ ಕೂಸು ಹುಟ್ಟುತ್ತದೆ, ಮೂವರು ಕುರಿ ಕಾಯುವವರು ತಮ್ಮ ಮರಿಗಳೊಂದಿಗೆ ನೋಡಲು ಬರುತ್ತಾರೆ. ನನ್ನ ಮಗಳಿಗೆ ಮರಿಯ ಪಾತ್ರ. ಐದು ಮರಿಗಳಲ್ಲಿ ಅವಳೊಬ್ಬಳು. ಮಾತು ಒಂದೇ: ಬ್ಯಾ.

ಟೀಚರ ಚೀಟಿ ಬಂತು. ಬಿಳಿ ಅಂಗಿಗೆ ಹತ್ತಿಯ ಉಂಡೆ ಅಂಟಿಸಿ ಕಳಿಸಿ ಎಂದು.

ನಾನು ಸ್ಕೂಲಿಗೆ ಹೋದೆ. "ನಮ್ಮ ಮರಿ ಕಪ್ಪು" ಎಂದೆ.

ಟೀಚರಿಗೆ ಇಪ್ಪತ್ತೈದು ವರ್ಷವಿರಬಹುದು, ಬಹಳ ಒಳ್ಳೆಯ ಹುಡುಗಿ. "ಉಳಿದ ನಾಲ್ಕೂ ಬಿಳಿ. ಇವಳೊಬ್ಬಳೇ ಬೇರೆಯಾದರೆ ಇವಳ ಮನಸ್ಸಿಗೆ..." ಎಂದಳು.

"ನಮ್ಮಪ್ಪನ ಹಿಂಡಿನಲ್ಲಿ ಎಲ್ಲವೂ ಕಪ್ಪೇ. ಅಲ್ಲಿ ಬಿಳಿಯದೊಂದು ಹುಟ್ಟಿದರೆ ನಾವು ಅದಕ್ಕೂ ಅಷ್ಟೇ ಹಾಲು ಬಿಡುತ್ತೇವೆ" ಎಂದೆ. ಟೀಚರು ಹೆಡ್‌ಟೀಚರನ್ನು ಕೇಳಿದಳು, ಅವರು ಇನ್ಯಾರನ್ನೋ ಕೇಳಿದರು. ಮೂರು ದಿನವಾದ ಮೇಲೆ, ನಿಮ್ಮಿಷ್ಟ ಎಂದು ಉತ್ತರ ಬಂತು.

ನಮ್ಮ ಮನೆಯಲ್ಲಿ ಅಪ್ಪ ಕಳಿಸಿದ ಒಂದು ಕಂಬಳಿ ಇದೆ. ಅವನದೇ ಕುರಿಗಳ ಉಣ್ಣೆ, ಊರಿನಲ್ಲೇ ನೇಯ್ದದ್ದು. ಅದಕ್ಕೆ ಕತ್ತರಿ ಹಾಕುವ ಮಾತೇ ಇಲ್ಲ. ಮಳೆಗೆ ಅಪ್ಪ ಹಾಕಿಕೊಳ್ಳುವ ಹಾಗೆ ತಲೆಯ ಮೇಲೆ ಕೊಪ್ಪೆ ಮಾಡಿ ಮಗಳಿಗೆ ಹೊದಿಸಿದೆ. ಅವಳು ಎರಡು ನಿಮಿಷ ನಿಂತಳು, ಆಮೇಲೆ ಅಳಲು ಶುರುಮಾಡಿದಳು. "ಚುಚ್ಚುತ್ತದೆ. ಎಲ್ಲರೂ ನಗುತ್ತಾರೆ."

ಅವತ್ತು ನನಗೆ ನನ್ನ ಮೇಲೇ ಅನುಮಾನ ಬಂತು. ಜಗಳ ನನ್ನದು, ತುರಿಕೆ ಮಾತ್ರ ಅವಳಿಗೆ. ಇದೆಂಥ ನ್ಯಾಯ? ರಾತ್ರಿಯೆಲ್ಲ ಕುಳಿತು ಬಿಳಿ ಅಂಗಿಗೆ ಹತ್ತಿ ಅಂಟಿಸಿದೆ. ಅಂಟಿಸುವಾಗ ಎಷ್ಟು ಅತ್ತೆನೆಂದು ಗಂಡನಿಗೂ ಹೇಳಿಲ್ಲ. ಬೆಳಗ್ಗೆ ಎರಡನ್ನೂ ಚೀಲದಲ್ಲಿಟ್ಟು, "ಯಾವುದು ಬೇಕೋ ಅದನ್ನ ಹಾಕ್ಕೋ. ನಂಗೆ ಬೇಜಾರಿಲ್ಲ" ಎಂದು ಸುಳ್ಳು ಹೇಳಿದೆ.

ಹೊರಡುವ ಮುಂಚೆ ಅಪ್ಪನ ವಿಡಿಯೋ ಕಾಲ್ ಬಂತು. ಮೊಮ್ಮಗಳ ನಾಟಕವನ್ನು ಫೋನಿನಲ್ಲೇ ತೋರಿಸುತ್ತೇನೆಂದು ಹೇಳಿದ್ದೆ. ಅವನಿಗೆ ಒಂದೇ ಚಿಂತೆ. "ಏನವಾ ಪುಟ್ಟವ್ವ, ಅಷ್ಟ ಸಣ್ಣ ಫೋನಿನ್ಯಾಗ ಐದ ಮರಿ ಇದ್ರ ನಮ್ಮದು ಯಾವ್ದು ಅಂತ ನಂಗ ಹ್ಯಾಂಗ ಗೊತ್ತಾಗಬೇಕು?"

ಮಗಳು ಚೀಲ ಹೆಗಲಿಗೆ ಹಾಕಿಕೊಂಡು ನಡೆದಳು.

ನಾಟಕ ಬೆಳಗ್ಗೆ ಹತ್ತಕ್ಕೆ. ಹೆಡ್‌ಟೀಚರು ಎದ್ದು ನಿಂತು, ಎಲ್ಲರೂ ಫೋನ್ ಬಂದ್ ಮಾಡಬೇಕು ಎಂದರು. ಎಲ್ಲರೂ ಮಾಡಿದರು. ನಾನು ಮಾಡಲಿಲ್ಲ. ಕಿವಿಗೆ ವೈರಿಲ್ಲದ ಇಯರ್‌ಫೋನ್ ಸಿಕ್ಕಿಸಿ, ಮೇಲೆ ಶಾಲು ಹೊದ್ದು, ಮುಂದಿನವರ ಹೆಗಲ ಸಂದಿನಿಂದ ಫೋನ್ ಹಿಡಿದೆ. "ಎದ್ದು ಹೋಗು ಅಂತಾರೆ ಕಣೇ" ಎಂದು ಗಂಡ ಪಿಸುಗುಟ್ಟಿದ. ಎನ್ನಲಿ. ಅಲ್ಲಿ ಊರಿನಲ್ಲಿ ಮಧ್ಯಾಹ್ನ ಮೂರೂವರೆ. ಅಪ್ಪ ಹೊಲದಲ್ಲಿ, ಹಿಂಡಿನ ನಡುವೆ ನಿಂತಿದ್ದ.

ಪರದೆ ಸರಿಯಿತು. ತಲೆಗೆ ಟವೆಲ್ಲು ಸುತ್ತಿ, ಕೋಲು ಹಿಡಿದ ಮೂವರು ಹುಡುಗರು ಬಂದು ನೆಲದ ಮೇಲೆ ಆರಾಮಾಗಿ ಕುಳಿತರು. ಹಿಂದೆ ಒಂದು ಬಿಳಿ ಮರಿ. ಇನ್ನೊಂದು. ಮೂರು, ನಾಲ್ಕು.

ಐದನೆಯದು ಕಪ್ಪು. ನೆಲ ಗುಡಿಸುವ ಕಂಬಳಿ, ತಲೆಗೆ ಕೊಪ್ಪೆ, ಕೈಯಿಂದ ಪರಪರ ಕುತ್ತಿಗೆ ಕೆರೆದುಕೊಳ್ಳುತ್ತಾ ಬಂತು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ತಿರುಗಿ ಅವರನ್ನು ನೋಡಿದ ರಭಸಕ್ಕೆ ಇಯರ್‌ಫೋನ್ ಕಿವಿಯಿಂದ ಹಾರಿ ಕುರ್ಚಿಗಳ ಕೆಳಗೆ ಉರುಳಿಹೋಯಿತು. ಗಡಿಬಿಡಿಯಲ್ಲಿ ನನ್ನ ಬೆರಳು ಸ್ಪೀಕರ್ ಗುಂಡಿಯ ಮೇಲೆ ಬಿತ್ತು. ಅದೇ ಹೊತ್ತಿಗೆ ವೇದಿಕೆಯ ಐದೂ ಮರಿಗಳು ತಮ್ಮ ಮಾತು ಹೇಳಿದವು: "ಬ್ಯಾ."

ಫೋನಿನೊಳಗಿಂದ ನೂರಾ ಇಪ್ಪತ್ತು ಕುರಿಗಳು ಉತ್ತರ ಕೊಟ್ಟವು.

ಆ ಸದ್ದಿನ ಮೇಲೆ ಇನ್ನೊಂದು ಸದ್ದು, ಇಡೀ ಹೊಲಕ್ಕೆ ಕೇಳಿಸಬೇಕೆಂದು ಕೂಗಿ ಅಭ್ಯಾಸವಿರುವ ಗಂಟಲು: "ಅದ ನೋಡ್ರಿ ನಮ್ಮ ಮರಿ! ಕರೀದು! ಕಂಡಳು, ಕಂಡಳು!"

ಹೆಡ್‌ಟೀಚರು ಎದ್ದರು. ಎಲ್ಲರ ಕಣ್ಣೂ ನನ್ನ ಮೇಲೆ. ಫೋನ್ ಒಳಗಿಟ್ಟುಕೊಳ್ಳಬಹುದಿತ್ತು. ಇಟ್ಟುಕೊಳ್ಳಲಿಲ್ಲ. ನಾನೂ ಎದ್ದು ನಿಂತು ಅದನ್ನು ತಲೆಯ ಮೇಲೆ ಎತ್ತಿ ಹಿಡಿದೆ. ಕಳಿಸುವುದಾದರೆ ನನ್ನನ್ನೂ ಅಪ್ಪನನ್ನೂ ಒಟ್ಟಿಗೇ ಹೊರಗೆ ಕಳಿಸಲಿ.

ಆಗ ವೇದಿಕೆಯ ಮೇಲೆ ಕಪ್ಪು ಮರಿ ಎದ್ದು ನಿಂತಿತು. ಕೊಪ್ಪೆ ಹಿಂದಕ್ಕೆ ಸರಿಸಿ, ಇನ್ನೂರು ಜನರ ಕಡೆ ತಿರುಗಿ, ಇಂಗ್ಲಿಷಿನಲ್ಲಿ, ಸ್ಪಷ್ಟವಾಗಿ ಹೇಳಿತು: "ಅದು ನಮ್ಮ ಅಜ್ಜ. ಈ ಮೂವರು ಬರೀ ಆಕ್ಟಿಂಗು. ಅವರು ನಿಜವಾಗಲೂ ಕುರಿ ಕಾಯುತ್ತಾರೆ."

ನನ್ನ ಕಣ್ಣು ತುಂಬಿ ಏನೂ ಕಾಣಲಿಲ್ಲ. ಚಪ್ಪಾಳೆ ಮಾತ್ರ ಕೇಳಿ ಬಂತು. ಮೊದಲು ಟೀಚರು, ಆಮೇಲೆ ಎಲ್ಲರೂ. ಹೆಡ್‌ಟೀಚರು ಎದ್ದವರು ಹಾಗೇ ಚಪ್ಪಾಳೆಗೆ ಸೇರಿಕೊಂಡರು. ಅಪ್ಪನಿಗೆ ಇದ್ಯಾವುದರ ಪರಿವೆಯೂ ಇರಲಿಲ್ಲ. ಅವನ ಕಣ್ಣು ಬೇರೆ ಕಡೆ ಇತ್ತು.

"ಯವ್ವಾ, ಅಲ್ಲಿ ಮೂರ ಮಂದಿ ಕೋಲ ಹಿಡಕೊಂಡ ಕುಂತಾರಲ್ಲ, ಅವರಿಗೆ ಹೇಳವಾ. ಕುರಿ ಕಾಯೋರು ಹಿಂಗ ಕುಂದರಬಾರದು, ತೋಳ ಬರತೈತಿ."

ನಾನು ಬಾಯಿ ತೆರೆಯುವ ಮೊದಲೇ ಮಗಳು ಆ ಹುಡುಗರ ಕಡೆ ತಿರುಗಿ, ಒಂದಕ್ಷರ ಬಿಡದೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು.

ಮೂವರೂ ದಡಬಡಿಸಿ ಎದ್ದರು. ದೇವದೂತ ಬಂದು ಹೋದ, ರಾಜರು ಬಂದು ಹೋದರು, ಎಲ್ಲರೂ ಮೊಣಕಾಲೂರಿ ಹಾಡು ಹೇಳಿದರು. ಆ ಮೂವರು ಮಾತ್ರ ನಾಟಕ ಮುಗಿಯುವವರೆಗೂ ಕುಳಿತುಕೊಳ್ಳಲೇ ಇಲ್ಲ.